ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ ಕಮಲಾ

1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್ ಎಂಬ ಯುವತಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. (ಹಿರಿಯರ ಬಾಯಲ್ಲಿ ಐಐಎಸ್‌ಸಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟೇ.) ಅವರ ತಂದೆ, ತಂದೆಯ ಸೋದರ ಇಬ್ಬರೂ ಅಲ್ಲೇ ರಸಾಯನಶಾಸ್ತ್ರ ಕಲಿತವರು. ಆದರೆ ಕಮಲಾ ಅವರಿಗೆ ಸೀಟು ಸಿಗಲಿಲ್ಲ. ಕಾರಣ, ಅವರು ಹೆಣ್ಣು. ಬೇಡವೆಂದವರು ಅದೇ ವರ್ಷ ನಿರ್ದೇಶಕರಾಗಿ ಬಂದಿದ್ದ ಸಿ.ವಿ. ರಾಮನ್.

ನಾನಿರುವ ಬಡಾವಣೆಗೆ ರಾಮನ್ ಅವರದೇ ಹೆಸರು. ಇಲ್ಲಿನ ಡಿಆರ್‌ಡಿಒ ಪ್ರಯೋಗಾಲಯಗಳಿಗೆ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಹೋಗುವ ಹೆಣ್ಣುಮಕ್ಕಳನ್ನು ಕಂಡಾಗೆಲ್ಲ ಈ ಪ್ರಸಂಗ ನೆನಪಾಗುತ್ತದೆ. ರಾಮನ್ ದೊಡ್ಡ ವಿಜ್ಞಾನಿ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಬೋರ್ಡು ಬದಲಿಸಿ ಎಂದೂ ನಾನು ಹೇಳುವುದಿಲ್ಲ.

ಮೂರು ವರ್ಷ ಮೊದಲು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಗಾಂಧೀಜಿಯನ್ನೇ ಒಪ್ಪಿಸಿ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೆ ಜಾಗ ಮಾಡಿಸಿದ್ದರು. ಈ ಕಮಲಾ ಹಿಡಿದದ್ದೂ ಸತ್ಯಾಗ್ರಹದ ದಾರಿಯನ್ನೇ. ಸೇರಿಸಿಕೊಳ್ಳುವ ತನಕ ಜಗ್ಗಲಿಲ್ಲ. ಕೊನೆಗೆ ರಾಮನ್ ಷರತ್ತು ಹಾಕಿ ಒಪ್ಪಿದರು: ಮೊದಲ ವರ್ಷ ಪರೀಕ್ಷಾರ್ಥ, ಗುರುಗಳು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಈ ಮೂರನೆಯದನ್ನು ಓದಿದಾಗ ಇವತ್ತಿಗೂ ಮೈ ಉರಿಯುತ್ತದೆ. ಗಂಡಸರ ಗಮನ ಚದುರಿದರೆ ಅದೂ ಅವಳದೇ ತಪ್ಪು!

ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಅವರು ಕೆಲಸ ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರಿಗೂ ತೃಪ್ತಿಯಾಯಿತು, ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿತು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಸಸ್ಯಕೋಶಗಳಲ್ಲೂ ಸೈಟೋಕ್ರೋಮ್ ಸಿ ಇದೆಯೆಂದು ತೋರಿಸಿದ ಆ ಪ್ರಬಂಧ ನಲವತ್ತೇ ಪುಟದ್ದು. ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಲ್ಲಿ ನೀರಾದ ಪೌಷ್ಟಿಕತೆಯ ಬಗ್ಗೆ ಸಂಶೋಧನೆ ಮಾಡಿ ರಾಷ್ಟ್ರಪತಿ ಪ್ರಶಸ್ತಿ ಪಡೆದರು. ಇಷ್ಟಾದರೂ ಆ ಅವಮಾನವನ್ನು ಅವರು ಮರೆಯಲಿಲ್ಲ, ಇಳಿವಯಸ್ಸಿನಲ್ಲಿ ಬಹಿರಂಗವಾಗಿಯೇ ಹೇಳಿಕೊಂಡರು.

ಪ್ರವೇಶವೇನೋ ಸಿಕ್ಕಿತು, ಆದರೆ ತಡೆ ತಪ್ಪಲಿಲ್ಲ. 1940ರಲ್ಲಿ ರಾಮನ್ ಪ್ರಯೋಗಾಲಯ ಸೇರಿದ ಅಣ್ಣಾ ಮಣಿ ಐದು ಪ್ರಬಂಧ ಪ್ರಕಟಿಸಿದರೂ, ಎಂ.ಎಸ್ಸಿ. ಇಲ್ಲವೆಂದು ಮದ್ರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ ರಾಜೇಶ್ವರಿ 1943ರಲ್ಲಿ ರಾಮನ್ ಬಳಿ ಹೋದಾಗ, ಭೌತಶಾಸ್ತ್ರದ ಪದವಿಯಿಲ್ಲ ಎಂಬ ಉತ್ತರ ಬಂತು. ಕಾರಣ ಪ್ರತಿ ಸಲವೂ ಬೇರೆ.

ರಾಜೇಶ್ವರಿಯವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು, ವಿಧವೆಯರ, ಗಂಡ ಬಿಟ್ಟವರ ಓದಿಗಾಗಿ ದುಡಿದವರು. ಮೊಮ್ಮಗಳು ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿದ್ಯುತ್ ವಿಭಾಗಕ್ಕೆ ಸೇರಿದರು. ಆಮೇಲೆ ಮಿಷಿಗನ್‌ನಲ್ಲಿ ಓದಿ, 1953ರಲ್ಲಿ ಮರಳಿ ಅಲ್ಲೇ ಪಾಠ ಮಾಡಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. ರಡಾರಿಗೆ ಬೇಕಾದದ್ದು ಅದೇ ವಿದ್ಯೆ. ರಡಾರ್ ತಯಾರಿಯ ಸಂಶೋಧನೆ ನಡೆಸುವ ಎಲ್‌ಆರ್‌ಡಿಇ ಇರುವುದು ಸಿ.ವಿ. ರಾಮನ್ ನಗರದಲ್ಲಿ. 1982ರಲ್ಲಿ ನಿವೃತ್ತರಾದ ರಾಜೇಶ್ವರಿ ಚಟರ್ಜಿ ಆಮೇಲೆ ಭಾರತೀಯ ಮಹಿಳಾ ಅಧ್ಯಯನ ಸಂಘದ ಕೆಲಸಕ್ಕೆ ನಿಂತರು.