ಮಿಕ್ಸ್ ಮುಗಿದ ಮೇಲೆ: ಮಾಸ್ಟರಿಂಗ್‌ಗೆ ಹಾಡು ಒಪ್ಪಿಸುವ ಕೆಲಸ ಬೆಳೆದು ಬಂದ ಬಗೆ

ಟೇಪ್ ಬರುವ ಮುಂಚೆ, ಬೇರೆ ಬೇರೆ ದನಿಗಳನ್ನು ಬೆರೆಸಿದ ಮಿಕ್ಸನ್ನು ಮಾಸ್ಟರಿಂಗ್‌ಗೆ ಕಳಿಸುವುದೆಂಬ ಮಾತೇ ಇರಲಿಲ್ಲ. ಕಲಾವಿದರು ಹಾಡುತ್ತಿದ್ದಂತೆಯೇ ಮುಳ್ಳು ಮೇಣದ ಇಲ್ಲವೇ ಲ್ಯಾಕರ್ ತಟ್ಟೆಯನ್ನು ಕೊರೆಯುತ್ತಿತ್ತು. ತಪ್ಪಾದರೆ ಇನ್ನೊಂದು ತಟ್ಟೆ, ಮತ್ತೆ ಮೊದಲಿನಿಂದ ಹಾಡು. ಎರಡನೇ ಮಹಾಯುದ್ಧ ಮುಗಿದಾಗ ಜ್ಯಾಕ್ ಮುಲ್ಲಿನ್ ಎಂಬ ಅಮೆರಿಕದ ಇಂಜಿನಿಯರ್ ಜರ್ಮನಿಯಿಂದ ಮ್ಯಾಗ್ನೆಟೊಫೋನ್ ಯಂತ್ರಗಳನ್ನು ತನ್ನ ದೇಶಕ್ಕೆ ತಂದ. ಅದೇ ತಂತ್ರವನ್ನು ಹಿಡಿದು ಆಂಪೆಕ್ಸ್ ಕಂಪನಿ 1948ರಲ್ಲಿ ಮಾಡೆಲ್ 200 ಟೇಪ್ ರೆಕಾರ್ಡರ್ ಹೊರತಂದಿತು. ಅದೇ ವರ್ಷ ಕೊಲಂಬಿಯಾದ ಎಲ್‌ಪಿ ರೆಕಾರ್ಡೂ ಬಂತು. ಹಾಡು ಮೊದಲು ಟೇಪಿಗೆ, ಆಮೇಲೆ ತಟ್ಟೆಗೆ ಹೋಗುವ ಪದ್ಧತಿ ಶುರುವಾಯಿತು. ಟೇಪಿನಿಂದ ತಟ್ಟೆಗೆ ದಾಟಿಸುವುದಕ್ಕೆಂದೇ ಒಬ್ಬ ಇಂಜಿನಿಯರ್ ಬೇಕಾದ. ಇಂದಿನ ಮಾಸ್ಟರಿಂಗ್ ಇಂಜಿನಿಯರ್ ಅವನ ವಂಶದವನು.

ಆ ಕಾಲದಲ್ಲಿ ಮಿಕ್ಸ್ ಹೇಗಿರಬೇಕೆಂದು ನಿರ್ಧರಿಸುತ್ತಿದ್ದುದು ತಟ್ಟೆಯೇ. ತಗ್ಗು ಸ್ವರದ ಸದ್ದು ಹೆಚ್ಚಿದಷ್ಟೂ ಗೀರು ಅಗಲವಾಗುತ್ತದೆ. ಒಂದು ಬದಿಗೆ ಇಪ್ಪತ್ತೆರಡು ನಿಮಿಷಕ್ಕಿಂತ ಹೆಚ್ಚು ತುಂಬಲು ಹೋದರೆ ಒಟ್ಟು ಸದ್ದನ್ನೇ ತಗ್ಗಿಸಬೇಕು. 1950ರ ದಶಕದ ಕೊನೆಗೆ ಸ್ಟೀರಿಯೊ ಬಂದಾಗ ಹೊಸ ತೊಡಕು ಹುಟ್ಟಿತು. ಎಡ, ಬಲ ದನಿಗಳ ನಡುವಿನ ವ್ಯತ್ಯಾಸ ತಟ್ಟೆಯಲ್ಲಿ ಮೇಲೆ ಕೆಳಗಿನ ಚಲನೆಯಾಗಿ ಮೂಡುತ್ತದೆ. ಬೇಸ್ ಗಿಟಾರನ್ನು ಒಂದೇ ಪಕ್ಕಕ್ಕೆ ತಳ್ಳಿದರೆ ಅಥವಾ ಎರಡೂ ಬದಿಯ ಅಲೆಗಳು ಒಂದಕ್ಕೊಂದು ಎದುರಾದರೆ ಮುಳ್ಳು ಗೀರಿನಿಂದ ಎಗರುತ್ತದೆ. ಹಾಡುಗಾರರ ಚೂಪಾದ ‘ಸ’ಕಾರ ಕೂಡ ತಟ್ಟೆಯ ಒಳಸುತ್ತಿಗೆ ಬರುವಷ್ಟರಲ್ಲಿ ಒಡೆದು ಕೇಳಿಸುತ್ತದೆ. 1969ರಲ್ಲಿ ಲೆಡ್ ಝೆಪೆಲಿನ್ ತಂಡದ ಎರಡನೇ ಆಲ್ಬಮ್ಮನ್ನು ಬಾಬ್ ಲುಡ್ವಿಗ್ ಬಲು ಜೋರಾಗಿ ಕೊರೆದರು. ಅಗ್ಗದ ಪ್ಲೇಯರಿನಲ್ಲಿ ಮುಳ್ಳು ಎಗರಿತೆಂಬ ದೂರು ಬಂದು, ಸದ್ದು ತಗ್ಗಿಸಿ ಮತ್ತೆ ಕೊರೆಸಬೇಕಾಯಿತು. ಆ ಮೊದಲ ಅಚ್ಚನ್ನು ಸಂಗ್ರಾಹಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ.

ಟೇಪ್ ಯುಗದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ವಸ್ತು ಟೇಪ್ ಪೆಟ್ಟಿಗೆಯ ಮೇಲಂಟಿಸಿದ ಚೀಟಿ. ಟೇಪ್ ಓಡಿದ್ದು ಸೆಕೆಂಡಿಗೆ 15 ಇಂಚೋ 30 ಇಂಚೋ, ಈಕ್ವಲೈಸೇಶನ್ ಎನ್‌ಎಬಿ ಮಾನದಂಡದ್ದೋ ಐಇಸಿ ಮಾನದಂಡದ್ದೋ, ಟೇಪಿನ ಗದ್ದಲ ತಗ್ಗಿಸುವ ಡಾಲ್ಬಿ ಹಾಕಿದೆಯೋ ಇಲ್ಲವೋ, ಯಾವ ಟೇಕ್ ಅಂತಿಮ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಟೇಪಿನಲ್ಲಿ ಹಾಡಿನ ಜೊತೆಗೆ 1 ಕಿಲೋಹರ್ಟ್ಸ್, 10 ಕಿಲೋಹರ್ಟ್ಸ್, 100 ಹರ್ಟ್ಸ್ ಟೋನ್‌ಗಳನ್ನೂ ಮುದ್ರಿಸುತ್ತಿದ್ದರು. ಬೇರೆ ಊರಿನ ಇಂಜಿನಿಯರ್ ತನ್ನ ಯಂತ್ರವನ್ನು ಆ ಟೋನ್‌ಗಳಿಗೆ ಹೊಂದಿಸಿಕೊಂಡರೆ ಸ್ಟುಡಿಯೊದಲ್ಲಿ ಕೇಳಿದ್ದೇ ಅವನಿಗೂ ಕೇಳುತ್ತಿತ್ತು. ಟೇಪನ್ನು ಹಿಂದಕ್ಕೆ ಸುತ್ತದೆ, ಹಾಡಿನ ಕೊನೆ ಹೊರಗಿರುವಂತೆಯೇ ಇಡುತ್ತಿದ್ದರು. ಸುತ್ತಿಟ್ಟ ಟೇಪಿನ ಒಂದು ಪದರದ ಕಾಂತೀಯ ಗುರುತು ಪಕ್ಕದ ಪದರಕ್ಕೆ ಹತ್ತಿಕೊಳ್ಳುತ್ತದೆ. ಹೀಗಿಟ್ಟರೆ ಅದರ ಮಂದ ಮಾರ್ದನಿ ಹಾಡಿಗಿಂತ ಮುಂಚೆ ಬಾರದೆ, ಹಾಡಿನ ಹಿಂದೆ ಬಂದು ಅಡಗುತ್ತದೆ. ಎರಡು ಊರುಗಳ ನಡುವೆ ಹಾಡು ಓಡಾಡುವಾಗ ಇಂಥ ಶಿಸ್ತೇ ಅದನ್ನು ಕಾಯುತ್ತಿತ್ತು. ಮದ್ರಾಸಿನ ಸ್ಟುಡಿಯೊಗಳಲ್ಲಿ ಮುದ್ರಣವಾದ ನಮ್ಮ ಕನ್ನಡ ಸಿನಿಮಾ ಹಾಡುಗಳೂ ಎಚ್‌ಎಂವಿ ರೆಕಾರ್ಡಾಗಲು ದೂರದ ಕಲ್ಕತ್ತೆಯ ಡಂಡಂ ಕಾರ್ಖಾನೆಯನ್ನು ನೆಚ್ಚಿಕೊಂಡಿದ್ದವು.

1967ರಲ್ಲಿ ಡಗ್ ಸ್ಯಾಕ್ಸ್ ಲಾಸ್ ಏಂಜಲಿಸ್‌ನಲ್ಲಿ ಮಾಸ್ಟರಿಂಗ್ ಲ್ಯಾಬ್ ಕಟ್ಟಿದ ಮೇಲೆ ಈ ಕೆಲಸ ಸ್ವತಂತ್ರ ಕಸುಬಾಗಿ ನೆಲೆ ಕಂಡಿತು. 1982ರಲ್ಲಿ ಸಿಡಿ ಬಂತು. ಮಾಸ್ಟರ್ ಈಗ ಯು-ಮ್ಯಾಟಿಕ್ ವಿಡಿಯೊ ಕ್ಯಾಸೆಟ್ಟಿನಲ್ಲಿ ಕಾರ್ಖಾನೆಗೆ ಹೋಗತೊಡಗಿತು. ಸಿಡಿಯ 44.1 ಕಿಲೋಹರ್ಟ್ಸ್ ಎಂಬ ವಿಚಿತ್ರ ಸಂಖ್ಯೆ ಹುಟ್ಟಿದ್ದೂ ವಿಡಿಯೊ ಟೇಪಿನ ಲೆಕ್ಕದಿಂದಲೇ. ಮುಳ್ಳು ಎಗರುವ ಭಯ ಹೋಯಿತು. ಅದರ ಜಾಗದಲ್ಲಿ ಒಂದು ಗಟ್ಟಿ ಸೂರು ಬಂತು: ಡಿಜಿಟಲ್ ಮಾಪನದ ಸೊನ್ನೆ. ಅದರಾಚೆ ಸಂಖ್ಯೆಯೇ ಇಲ್ಲ. 1994ರಲ್ಲಿ ವೇವ್ಸ್ ಕಂಪನಿಯ ಎಲ್1 ಲಿಮಿಟರ್ ಬಂದದ್ದೇ ತಡ, ಸದ್ದಿನ ಶಿಖರಗಳನ್ನು ಅದುಮಿ ಇಡೀ ಹಾಡನ್ನು ಸೂರಿಗೆ ಒತ್ತಿಹಿಡಿಯುವುದು ಎಲ್ಲರ ಕೈಗೂ ಸುಲಭವಾಯಿತು. ಪಕ್ಕದವರ ಹಾಡಿಗಿಂತ ನಮ್ಮದು ಜೋರಾಗಿರಲಿ ಎಂಬ ಪೈಪೋಟಿ ಮಾಸ್ಟರಿಂಗ್ ಕೋಣೆಯನ್ನು ದಾಟಿ ಮಿಕ್ಸಿಂಗ್ ಕೋಣೆಗೂ ನುಗ್ಗಿತು.

ಆ ಪೈಪೋಟಿಯ ಅತಿ 2008ರ ಮೆಟಾಲಿಕಾ ಆಲ್ಬಮ್ ‘ಡೆತ್ ಮ್ಯಾಗ್ನೆಟಿಕ್’. ಸದ್ದು ಒಡೆದಿದೆಯೆಂದು ಕೇಳುಗರೇ ಪ್ರತಿಭಟಿಸಿದರು. ಮಾಸ್ಟರಿಂಗ್ ಮಾಡಿದ್ದ ಟೆಡ್ ಜೆನ್ಸನ್, ತನ್ನ ಕೈಗೆ ಬರುವ ಮುಂಚೆಯೇ ಮಿಕ್ಸ್‌ಗಳು ಅದುಮಿಹೋಗಿದ್ದವು ಎಂದು ತಿಳಿಸಿದರು. ಗಿಟಾರ್ ಹೀರೊ ಎಂಬ ವಿಡಿಯೊ ಆಟದಲ್ಲಿ ಇದ್ದ ಅದೇ ಹಾಡುಗಳಲ್ಲಿ ಡ್ರಮ್ಮಿನ ಪೆಟ್ಟು ಜೀವಂತವಾಗಿತ್ತು. ನನ್ನ ಲೆಕ್ಕದಲ್ಲಿ ಈ ಕಸುಬಿನ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ಪಾಠವಿಲ್ಲ. ಈಕ್ವಲೈಸರ್‌ನಲ್ಲಿ ಸ್ವಲ್ಪ ತಪ್ಪಿದರೆ ಮಾಸ್ಟರಿಂಗ್‌ನಲ್ಲಿ ತಿದ್ದಬಹುದು. ಕತ್ತರಿಸಿಹೋದ ಶಿಖರವನ್ನು ಯಾರೂ ಪೂರ್ತಿಯಾಗಿ ವಾಪಸು ತರಲಾರರು.

ಹಾಗೆ ಅದುಮಬೇಕಾದ ಕಾರಣವೂ ಈಗ ಉಳಿದಿಲ್ಲ. 16 ಬಿಟ್ ಫೈಲಿನಲ್ಲಿ ಮೆಲುದನಿಯಿಂದ ಸೂರಿನವರೆಗಿನ ಹರವು ಸುಮಾರು 96 ಡೆಸಿಬೆಲ್, 24 ಬಿಟ್‌ನದು ಲೆಕ್ಕದ ಪ್ರಕಾರ 144. ಅಷ್ಟು ವಿಶಾಲವಾದ ಜಾಗದಲ್ಲಿ ಸೂರಿಗೆ ತಲೆ ತಾಗಿಸಿಕೊಂಡು ನಿಲ್ಲುವ ಅಗತ್ಯವೇನು? ಕಳಿಸುವ ಮಿಕ್ಸಿನ ಶಿಖರ ಮೈನಸ್ 6 ಡೆಸಿಬೆಲ್‌ನಲ್ಲೇ ಇರಬೇಕೆಂಬ ಮಾತು ಎಲ್ಲೆಡೆ ಕೇಳುತ್ತದೆ. ಅದು ಒಳ್ಳೆಯ ರೂಢಿ ಅಷ್ಟೇ, ಕಟ್ಟಳೆಯಲ್ಲ. ಮೈನಸ್ 3 ಇದ್ದರೂ ಯಾವ ಹಾನಿಯೂ ಇಲ್ಲ. ಆದರೆ ಲಿಮಿಟರ್‌ನಲ್ಲಿ ಚಪ್ಪಟೆಯಾದ ಮಿಕ್ಸನ್ನು 6 ಡೆಸಿಬೆಲ್ ಕೆಳಗಿಳಿಸಿ ಕಳಿಸಿದರೆ ಅದು ಹೆಡ್‌ರೂಮ್ (ಶಿಖರಗಳು ಏರಲು ಬೇಕಾದ ಜಾಗ) ಆಗುವುದಿಲ್ಲ. ಇಡೀ ಹಾಡು ಹಾದುಹೋಗುವ ಮಾಸ್ಟರ್ ಬಸ್ಸಿನ ಕಂಪ್ರೆಸರ್ ಮಾತು ಬೇರೆ: ಮೊದಲಿನಿಂದ ಅದರ ಮೂಲಕವೇ ಕೇಳುತ್ತಾ ಮಿಕ್ಸ್ ಮಾಡಿದ್ದರೆ ಅದು ಹಾಡಿನ ಭಾಗ, ತೆಗೆಯಬಾರದು. ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟ್‌ನಲ್ಲೇ ಫೈಲ್ ಕೊಡಬೇಕು. 48 ಕಿಲೋಹರ್ಟ್ಸ್‌ನದನ್ನು 96ಕ್ಕೆ ಏರಿಸಿದರೆ ಹೊಸದೇನೂ ಹುಟ್ಟುವುದಿಲ್ಲ. 16 ಬಿಟ್‌ಗೆ ಇಳಿಸುವುದು, ಅದಕ್ಕೆ ಡಿದರ್ ಎಂಬ ಮಂದ ಗದ್ದಲ ಬೆರೆಸುವುದು ಮಾಸ್ಟರಿಂಗ್‌ನ ಕೊನೆಯ ಹಂತ. ರಿವರ್ಬ್ ಪೂರ್ತಿ ಆರುವ ಮುನ್ನ ಫೈಲಿನ ಬಾಲ ಕತ್ತರಿಸಬಾರದು.

ಇತ್ತ ಜೋರಿನ ಪೈಪೋಟಿಯೂ ಅರ್ಥ ಕಳೆದುಕೊಂಡಿತು: 2006ರ ಐಟಿಯು ಮಾನದಂಡ ಬಿಎಸ್ 1770 ಕಿವಿಗೆ ಅನಿಸುವ ಸದ್ದನ್ನು ಅಳೆಯುವ ದಾರಿ ತೋರಿಸಿತು. 2010ರಲ್ಲಿ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಮೈನಸ್ 23 ಎಲ್‌ಯುಎಫ್‌ಎಸ್ (ಆ ಅಳತೆಯ ಮಾನ) ಗುರಿಯನ್ನು ನಿಗದಿ ಮಾಡಿತು. ಸ್ಪಾಟಿಫೈ ಸುಮಾರು ಮೈನಸ್ 14ಕ್ಕೆ ಹೊಂದಿಸಿ ನುಡಿಸುತ್ತದೆ. ಅತಿಜೋರಿನ ಹಾಡನ್ನು ಅದೇ ತಗ್ಗಿಸಿಬಿಡುತ್ತದೆ. 2021ರಲ್ಲಿ ಆಪಲ್ ಮ್ಯೂಸಿಕ್‌ಗೆ ಬಂದ ಡಾಲ್ಬಿ ಅಟ್ಮಾಸ್ ಇನ್ನೂ ಬಿಗಿ: ಮೈನಸ್ 18 ಎಲ್‌ಯುಎಫ್‌ಎಸ್ ಮೀರುವಂತಿಲ್ಲ. ಬೆಂಗಳೂರಿನ ರಿಕಿ ಕೇಜ್ ಮತ್ತು ಸ್ಟೀವರ್ಟ್ ಕೋಪ್‌ಲ್ಯಾಂಡ್ ಅವರ ‘ಡಿವೈನ್ ಟೈಡ್ಸ್’ ಆಲ್ಬಮ್ 2023ರಲ್ಲಿ ಗ್ರ್ಯಾಮಿ ಗೆದ್ದದ್ದು ಸುತ್ತುವರಿದು ಕೇಳುವ ಇಂಥ ಇಮ್ಮರ್ಸಿವ್ ಆಡಿಯೊ ವಿಭಾಗದಲ್ಲೇ.

ಮನೆಯ ಕೋಣೆಯಲ್ಲೇ ಹಾಡು ಕಟ್ಟುತ್ತಿರುವ ನಮ್ಮ ಯುವಕ ಯುವತಿಯರಲ್ಲಿ ನನ್ನದೊಂದು ಕೋರಿಕೆ. ನೀವು ಗೆಳೆಯರಿಗೆ ಕೇಳಿಸಿದ, ಲಿಮಿಟರ್ ಹಾಕಿದ ಫೈಲನ್ನೂ ಕಳಿಸಿ, ಲಿಮಿಟರ್ ತೆಗೆದ 24 ಬಿಟ್ ವೇವ್ ಫೈಲನ್ನೂ ಕಳಿಸಿ. ಮೊದಲನೆಯದು ನಿಮ್ಮ ಮನಸ್ಸಿನಲ್ಲಿರುವುದನ್ನು ತಿಳಿಸುತ್ತದೆ, ಎರಡನೆಯದರ ಮೇಲೆ ಕೆಲಸ ನಡೆಯುತ್ತದೆ. ಜೊತೆಗೆ ಹಾಡುಗಳ ಕ್ರಮ, ಪ್ರತಿ ಹಾಡಿನ ಗುರುತಾದ ಐಎಸ್‌ಆರ್‌ಸಿ ಸಂಖ್ಯೆ, ಯಾವ ಮಿಕ್ಸ್ ಅಂತಿಮ, ಎಲ್ಲಿ ನಿಮಗೆ ಅನುಮಾನವಿದೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಕೊಡಿ.