ಗದಗು-ಬೆಟಗೇರಿಯ ಸಂಚಾರಿ ಗವಾಯಿಗಳು

ಚರಿತ್ರೆಯೆಂದೊಡನೆಯೇ ರಾಜರ ದಂಡಯಾತ್ರೆಗಳೂ ಕೌಲುಕರಾರುಗಳೂ ನಮ್ಮ ಮನಸ್ಸಿಗೆ ಬರುವುದು ವಾಡಿಕೆ. ಸಂಗೀತದ ಚರಿತ್ರೆಯನ್ನು ಬರೆಯುವವರೂ ಬಹುಮಟ್ಟಿಗೆ ಇದೇ ಜಾಡನ್ನು ಹಿಡಿದು, ಆಸ್ಥಾನಗಳ ಹೆಸರುಗಳನ್ನೂ ಗುರುಪರಂಪರೆಗಳನ್ನೂ ಸಾಲಾಗಿ ಹೇಳಿ ಮುಗಿಸುತ್ತಾರೆ. ಗವಾಯಿಯಾದವನು ಒಂದೂರಿನಿಂದ ಇನ್ನೊಂದೂರಿಗೆ ಹೇಗೆ ಹೋದನು, ಹೊಟ್ಟೆಗೆ ಏನು ಗತಿ ಮಾಡಿಕೊಂಡನು, ವಿದ್ಯೆಯನ್ನು ಎಲ್ಲಿ ಕೇಳಿ ಕಲಿತನು, ಹಾಡು ಮುಗಿದ ಮೇಲಿನ ಹೊತ್ತನ್ನು ಹೇಗೆ ಕಳೆದನು, ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳುವ ನಮ್ಮಂಥವರಿಗೆ ಈ ಸಣ್ಣ ಪ್ರಶ್ನೆಗಳೇ ಅನೇಕ ವೇಳೆ ದೊಡ್ಡ ವಿಷಯಗಳ ಬಾಗಿಲನ್ನು ತೆರೆದು ತೋರಿಸುತ್ತವೆ. ಆದಕಾರಣ ಈ ಹೊತ್ತು ನಾವು ಗದಗು-ಬೆಟಗೇರಿಯ ಸಂಚಾರಿ ಗವಾಯಿಗಳ ಬಾಳನ್ನು ಈ ದೃಷ್ಟಿಯಿಂದ ನೋಡಲು ಯತ್ನಿಸುತ್ತೇವೆ.

ಸಂಚಾರವೆಂಬುದು ನಮ್ಮ ದೇಶದ ಗವಾಯಿಗಳಿಗೆ ಮಾತ್ರ ಬಂದ ಪಾಡಲ್ಲ. ಅಮೆರಿಕದ ಜಾಜ್ ಪಿಯಾನೋ ವಾದಕರ ಜೀವನವೆಲ್ಲವೂ ರೈಲುಗಾಡಿಯಲ್ಲಿ, ಬಿಡಾರದ ಕೋಣೆಯಲ್ಲಿ ಕಳೆಯುತ್ತಿತ್ತು. ಡ್ಯೂಕ್ ಎಲಿಂಗ್ಟನ್ ಎಂಬ ಪ್ರಖ್ಯಾತ ವಾದಕನು ೧೯೩೦ರ ದಶಕದಲ್ಲಿ ದಕ್ಷಿಣದ ಪ್ರಾಂತಗಳಿಗೆ ಹೋದಾಗ, ಕರಿಯರಿಗೆ ಹೋಟೆಲಿನವರು ಇಂಬು ಕೊಡದಿದ್ದುದರಿಂದ, ತನ್ನ ಮೇಳಕ್ಕಾಗಿ ರೈಲ್ವೆ ಡಬ್ಬಿಗಳನ್ನೇ ಬಾಡಿಗೆಗೆ ಹಿಡಿದು ಅವುಗಳಲ್ಲಿಯೇ ಮಲಗಿ ಏಳುವ ಏರ್ಪಾಡು ಮಾಡಿಕೊಂಡನು. ಟೆಡಿ ವೆದರ್‌ಫರ್ಡ್ ಎಂಬ ಇನ್ನೊಬ್ಬನು ಷಾಂಘಾಯಿ ಮೊದಲಾದ ಊರುಗಳನ್ನು ಸುತ್ತಿ ಮುಂಬಯಿಯ ತಾಜಮಹಲ್ ಹೋಟೆಲಿನಲ್ಲಿಯೂ ಕಲ್ಕತ್ತೆಯಲ್ಲಿಯೂ ಪಿಯಾನೋ ನುಡಿಸಿ, ೧೯೪೫ರಲ್ಲಿ ಕಲ್ಕತ್ತೆಯಲ್ಲಿಯೇ ತೀರಿಕೊಂಡನು. ಆ ಕಾಲದಲ್ಲಿ ಗದಗೂ ಮುಂಬಯಿ ಇಲಾಖೆಗೇ ಸೇರಿತ್ತು. ಒಂದೇ ಇಲಾಖೆಯ ಒಂದು ಕೊನೆಯಲ್ಲಿ ಪಿಯಾನೋ, ಇನ್ನೊಂದು ಕೊನೆಯಲ್ಲಿ ಪೇಟಿ. ಎರಡರ ಒಡೆಯರೂ ಊರೂರು ತಿರುಗಿ ಬಾಳಿದವರು.

ಗದಗು-ಬೆಟಗೇರಿ ಜೋಡಿ ಊರುಗಳು. ಗದಗು ವೀರನಾರಾಯಣ, ತ್ರಿಕೂಟೇಶ್ವರ ದೇವಾಲಯಗಳ ಊರು; ಹತ್ತಿಯ ವ್ಯಾಪಾರದ ಪೇಟೆ. ಬೆಟಗೇರಿ ನೇಕಾರರ ಊರು. ೧೮೮೦ರ ದಶಕದಲ್ಲಿ ರೈಲುದಾರಿ ಬಂದು, ಗದಗು ಜಂಕ್ಷನ್ ಆಯಿತು. ಇತ್ತ ಹುಬ್ಬಳ್ಳಿ, ಅತ್ತ ಬಳ್ಳಾರಿ, ಬಡಗಣಕ್ಕೆ ಬಾದಾಮಿ ವಿಜಾಪುರಗಳ ಮಾರ್ಗವಾಗಿ ಹೊಟಗಿ, ಹೀಗೆ ಮೂರು ದಿಕ್ಕುಗಳಿಗೂ ಇಲ್ಲಿಂದ ಗಾಡಿ ಹೊರಡುತ್ತಿತ್ತು. ಸುತ್ತಲಿನ ರಾಜ್ಯಭಾರವಾದರೋ ಚೂರುಚೂರಾಗಿತ್ತು. ಗದಗು ಇಂಗ್ಲಿಷರದು; ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು; ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು; ಮುಂಡರಗಿಯನ್ನು ದಾಟಿ ಮೂಡಲಿಗೆ ಹೋದರೆ ಕೊಪ್ಪಳದ ಸೀಮೆ ನಿಜಾಮರದು. ಎತ್ತಿನ ಬಂಡಿಯಲ್ಲಿ ಕೆಲವು ದಿನ ಪಯಣ ಮಾಡಿದರೆ ನಾಲ್ಕು ಸರಕಾರಗಳ ಮಣ್ಣು ಗಾಲಿಗೆ ಹತ್ತುತ್ತಿತ್ತು. ಹೀಗೆ ಹಂಚಿಹೋದ ಕನ್ನಡಿಗರನ್ನು ಒಂದೇ ಸಭೆಯಲ್ಲಿ ಕೂಡಿಸಿ ಒಂದೇ ಪದಕ್ಕೆ ತಲೆದೂಗಿಸಿದವರು ಸಂಚಾರಿ ಕಲಾವಿದರು.

ಈ ಕೆಲಸವನ್ನು ಮೊದಲು ಕೈಕೊಂಡವು ನಾಟಕ ಮಂಡಳಿಗಳು. ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು, ೧೮೭೦ರ ದಶಕದಲ್ಲಿ ಗದಗಿನಲ್ಲಿಯೇ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಅನಂತರ ಶಿರಹಟ್ಟಿಯ ವೆಂಕೋಬರಾಯರ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ಮಂಡಳಿ ಮೊದಲಾದವು ಕೀರ್ತಿ ಪಡೆದವು. ಈ ಮಂಡಳಿಗಳಲ್ಲಿ ನಟನಷ್ಟೇ ಮರ್ಯಾದೆಗೆ ಪಾತ್ರನಾದವನು ಪೇಟಿ ಮಾಸ್ತರ. ನಟನು ಶ್ರುತಿ ತಪ್ಪಿದರೆ ಎತ್ತಿ ಹಿಡಿಯುವವನೂ, ಮಾತು ಮರೆತರೆ ನಡುವಿನ ಬಿರುಕನ್ನು ಸ್ವರಗಳಿಂದ ತುಂಬುವವನೂ ಅವನೇ.

ಪೇಟಿಯ ವೃತ್ತಾಂತವನ್ನು ಇಲ್ಲಿ ತುಸು ಹೇಳಬೇಕು. ಹಾರ್ಮೋನಿಯಮ್ಮಿಗೆ ೧೮೪೨ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆನ್ ಎಂಬಾತನು ಹಕ್ಕುಪತ್ರ ಪಡೆದನು. ತಿದಿಯ ಗಾಳಿಯು ಹಿತ್ತಾಳೆಯ ನಾಲಗೆಗಳನ್ನು ಮಿಡಿದಾಗ ನಾದ ಹುಟ್ಟುತ್ತದೆ. ಮನೆಗಳಾದರೋ ಪಿಯಾನೋದಂತೆಯೇ ಬಿಳಿ ಕಪ್ಪಾಗಿ ಸಾಲುಗೊಂಡಿರುತ್ತವೆ. ಪಾದ್ರಿಗಳ ಪ್ರಾರ್ಥನಾಮಂದಿರಗಳ ಮೂಲಕ ಇದು ನಮ್ಮ ದೇಶದಲ್ಲಿ ಬಹುವಾಗಿ ಹಬ್ಬಿತು; ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ೧೮೪೧ರಷ್ಟು ಹಿಂದೆಯೇ ನೆಲೆಯೂರಿದ್ದರೆಂಬುದು ಇಲ್ಲಿ ಸ್ಮರಣೀಯ. ಯುರೋಪಿನ ಹಾರ್ಮೋನಿಯಮ್ಮನ್ನು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ತಿದಿಯೊತ್ತಿ, ಎರಡೂ ಕೈಗಳಿಂದ ನುಡಿಸಬೇಕು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ಕುಗ್ಗಿಸಿ, ಚಾಪೆಯ ಮೇಲೆ ಕುಳಿತು ಎಡಗೈಯಿಂದ ತಿದಿಯೊತ್ತಿ ಬಲಗೈಯಿಂದ ನುಡಿಸುವಂತೆ ಮಾರ್ಪಡಿಸಿದರು. ಪಿಯಾನೋವನ್ನು ಹೊತ್ತು ತಿರುಗಲಾಗದು. ಆ ವಾದಕನು ಹೋದಲ್ಲಿ ಸಿಕ್ಕಿದ ವಾದ್ಯವೇ ಗತಿ. ಪೇಟಿಯಾದರೆ ಬಂಡಿಯ ಮೂಲೆಯಲ್ಲಿ ಕೂರುತ್ತದೆ, ಮಳೆ ಚಳಿಗಳಿಗೆ ತಂತಿವಾದ್ಯದಷ್ಟು ಬೇಗ ಶ್ರುತಿ ಕೆಡುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕಣ್ಣಿಲ್ಲದವನ ಬೆರಳಿಗೂ ಅದರ ಮನೆಗಳು ಸುಲಭವಾಗಿ ಸಿಕ್ಕುತ್ತವೆ.

ಈ ಕೊನೆಯ ಮಾತೇ ನಮ್ಮನ್ನು ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದೊಯ್ಯುತ್ತದೆ. ಅವರು ೧೮೯೨ರಲ್ಲಿ ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು, ಹುಟ್ಟುಹೆಸರು ಗದಿಗೆಯ್ಯ. ಅವರೂ ಅವರ ಅಣ್ಣ ಗುರುಬಸಯ್ಯನವರೂ ಅಂಧರು. ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಗುವಿನ ಮುಂದೆ ಇದ್ದ ದಾರಿ ಯಾವುದು? ಮನೆಯ ಮೂಲೆ, ಇಲ್ಲವೆ ಗುಡಿಯ ಬಾಗಿಲಿನ ಭಿಕ್ಷೆ. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು, ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು, ಈ ಹುಡುಗರ ಕಂಠಮಾಧುರ್ಯವನ್ನು ಕೇಳಿ ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಗದಿಗೆಯ್ಯನವರು ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನೂ ಅನಂತರ ಹಿಂದೂಸ್ತಾನಿ ಪದ್ಧತಿಯನ್ನೂ ಅಭ್ಯಾಸ ಮಾಡಿ, ಎರಡರಲ್ಲಿಯೂ ಪಾರಂಗತರಾಗಿ ‘ಉಭಯಗಾನವಿಶಾರದ’ರೆನಿಸಿದರು.

ಇಷ್ಟು ವಿದ್ಯೆಯಿದ್ದವರು ಯಾವುದಾದರೂ ಆಸ್ಥಾನದಲ್ಲಿ ನಿಂತು ಸುಖವಾಗಿರಬಹುದಾಗಿತ್ತು. ಗವಾಯಿಗಳು ಹಾಗೆ ಮಾಡದೆ, ಬ್ರಹ್ಮಚರ್ಯವನ್ನು ಕೈಕೊಂಡು, ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನೂ ಗತಿಯಿಲ್ಲದ ಬಡಮಕ್ಕಳನ್ನೂ ಕೂಡಿಸಿ ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಈ ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. ಪಾಠಶಾಲೆಯೆಂದರೆ ಕಟ್ಟಡ, ಗಂಟೆ, ಹಲಗೆಗಳೆಂದು ನಾವು ಭಾವಿಸಿರುತ್ತೇವೆ. ಇದು ನಡೆಯುವ ಪಾಠಶಾಲೆ. ಜಾತ್ರೆಯಾದ ಊರಿಗೆ, ಪುರಾಣ ನಡೆಯುವ ಮಠಕ್ಕೆ, ಕರೆದವರ ಮನೆಗೆ ಗುರುವೂ ಶಿಷ್ಯರೂ ಕೂಡಿಯೇ ಹೋಗಬೇಕು. ಊರಿನವರು ಕೊಟ್ಟ ದವಸವೇ ಊಟ. ಅಲ್ಲಿಯ ಸಭೆಯೇ ಪರೀಕ್ಷೆ. ಊರವರು ಕಾಳು ಕೊಡುವಾಗ ಭಿಕ್ಷೆಯೆಂದು ಕೊಡಲಿಲ್ಲ, ಹಾಡಿಗೆ ಸಂದ ಕಾಣಿಕೆಯೆಂದು ಕೊಟ್ಟರು. ಕೈಚಾಚಿ ಬದುಕಬೇಕಾಗಿದ್ದ ಹುಡುಗನು ಸಭೆಯ ನಡುವೆ ಕುಳಿತು ಮನ್ನಣೆಯಿಂದ ಉಣ್ಣುವಂತಾಯಿತು. ಪಂಚಾಕ್ಷರಿ ಗವಾಯಿಗಳು ಮಾಡಿದ ಸಾಮಾಜಿಕ ಕ್ರಾಂತಿಯೆಲ್ಲವೂ ಈ ಒಂದು ಮಾತಿನಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಈ ಶಿಕ್ಷಣ ಎಂತಹದೆಂಬುದಕ್ಕೆ ಬಸವರಾಜ ರಾಜಗುರುಗಳೇ ಸಾಕ್ಷಿ. ಧಾರವಾಡ ಜಿಲ್ಲೆಯ ಯಲಿವಾಳದವರಾದ ಅವರು ಬಾಲ್ಯದಲ್ಲಿ ನಾಟಕ ಮಂಡಳಿಯೊಡನೆ ತಿರುಗಿ, ಅನಂತರ ಗವಾಯಿಗಳ ಶಿಷ್ಯರಾದರು. ೧೯೩೬ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ಜರುಗಿದಾಗ ಈ ತರುಣನು ಮಹಾಸಭೆಯ ಮುಂದೆ ಮೊದಲ ಬಾರಿಗೆ ಹಾಡಿದನು. ಆಗ ಪಕ್ಕದಲ್ಲಿ ಕುಳಿತು ತಬಲ ನುಡಿಸಿದವರು ಸಾಕ್ಷಾತ್ ಗುರುಗಳೇ. ಶಿಷ್ಯನಿಗೆ ಮುಂದಿನ ಆಸನವನ್ನು ಕೊಟ್ಟು ತಾವು ಪಕ್ಕವಾದ್ಯಕ್ಕೆ ಕುಳಿತ ಈ ಔದಾರ್ಯವನ್ನು ಸಂಗೀತದ ಚರಿತ್ರೆಯಲ್ಲಿ ಬಂಗಾರದ ಅಕ್ಷರಗಳಿಂದ ಬರೆಯಬೇಕು.

ಇನ್ನು ಕೇಳ್ಮೆಯ ಮಾತು. ಅಮೆರಿಕದ ಆರ್ಟ್ ಟೇಟಮ್ ಎಂಬ ಪಿಯಾನೋ ವಾದಕನು ೧೯೦೯ರಲ್ಲಿ ಹುಟ್ಟಿದನು. ಅವನ ದೃಷ್ಟಿ ಬಹುಪಾಲು ನಷ್ಟವಾಗಿತ್ತು. ರಂಧ್ರ ಕೊರೆದ ಕಾಗದದ ಸುರುಳಿಗಳಿಂದ ತಾನೇ ನುಡಿಯುವ ಯಂತ್ರದ ಪಿಯಾನೋವನ್ನೂ ಗ್ರಾಮೋಫೋನನ್ನೂ ರೇಡಿಯೋವನ್ನೂ ಕೇಳಿ ಕೇಳಿ ಅವನು ವಿದ್ಯೆಯನ್ನು ಕೂಡಿಸಿದನು. ಗದಗಿನ ಕಡೆಗೆ ತಿರುಗಿದರೆ ಇದಕ್ಕೆ ಸರಿದೊರೆಯಾದ ಕಥೆ ಸಿಕ್ಕುತ್ತದೆ. ಶಾಲಾ ಉಪಾಧ್ಯಾಯರಾಗಿದ್ದ ಗುರುರಾಜ ಜೋಶಿಯವರ ಮಗ ಭೀಮಸೇನನು ಅಂಗಡಿಯ ಗ್ರಾಮೋಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಠುಮರಿಯನ್ನು ಕೇಳಿ ಮರುಳಾಗಿ, ೧೯೩೩ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟು ಹೊರಟನು. ಟಿಕೇಟಿಗೆ ಹಣವಿಲ್ಲ, ಬಂಡವಾಳವೆಂದರೆ ಕಂಠವೊಂದೇ. ಪುಣೆ, ಗ್ವಾಲಿಯರ್, ಕಲ್ಕತ್ತೆ, ದಿಲ್ಲಿ, ಜಾಲಂಧರಗಳನ್ನು ಸುತ್ತಿದ ಮೇಲೆ ತಿಳಿದುದೇನು? ಗುರುವು ಗದಗಿಗೆ ಸಮೀಪದ ಕುಂದಗೋಳದಲ್ಲಿಯೇ ಇದ್ದರು. ೧೯೩೬ರಿಂದ ಸವಾಯಿ ಗಂಧರ್ವರಲ್ಲಿ ಶಿಕ್ಷಣ ಆರಂಭವಾಯಿತು. ಕೇಳ್ಮೆಯ ಹಸಿವು ಎಂತಹದೆಂಬುದನ್ನು ಈ ಹುಡುಗನ ಅಲೆದಾಟವು ತೋರಿಸುತ್ತದೆ. ೨೦೦೮ರಲ್ಲಿ ಭಾರತರತ್ನ ಪ್ರಶಸ್ತಿ ಘೋಷಿತವಾದದ್ದು ಅವನಿಗೇ ಎಂಬುದು ಶ್ರೋತೃಗಳಿಗೆ ವಿದಿತವಾಗಿಯೇ ಇದೆ.

ಸಂಚಾರ, ಕೇಳ್ಮೆಗಳಾದ ಮೇಲೆ ಓದು. ತಿರುಗಾಟದ ಬಾಳಿನಲ್ಲಿ ಬರಿದಾದ ಹೊತ್ತು ಬಹಳ. ಗಾಡಿ ಬರುವ ತನಕ ಕಾಯಬೇಕು. ಹಾಡು ಮುಗಿದ ಮೇಲೂ ನಿದ್ರೆ ಹತ್ತುವುದಿಲ್ಲ. ಇಂಗ್ಲಿಷ್ ಬಲ್ಲ ಪ್ರವಾಸಿಯು ಇಂತಹ ಹೊತ್ತಿಗೆಂದು ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಪತ್ತೇದಾರಿ ಕಾದಂಬರಿಯೊಂದನ್ನು ಕೊಳ್ಳುತ್ತಾನೆ. ಷರ್ಲಾಕ್ ಹೋಮ್ಸ್ ಕೂಡ ಪಿಟೀಲು ಬಲ್ಲವನೇ ಅಲ್ಲವೆ? ಸಣ್ಣ ಕುರುಹಿನಿಂದ ದೊಡ್ಡ ಗುಟ್ಟನ್ನು ತಿಳಿಯುವ ಪತ್ತೇದಾರನ ಬುದ್ಧಿಗೂ, ಎರಡು ಸ್ವರ ಕೇಳಿದೊಡನೆ ರಾಗವನ್ನು ಗುರುತಿಸುವ ಗವಾಯಿಯ ಕಿವಿಗೂ ದೂರದ ನಂಟಿದೆ. ಆದರೆ ಕಣ್ಣಿಲ್ಲದವನಿಗೆ ಪುಸ್ತಕವೆಂದರೆ ಇನ್ನೊಬ್ಬರ ಬಾಯಿ. ಯಾರಾದರೂ ಓದಬೇಕು, ಇವನು ಕೇಳಿ ಎದೆಯಲ್ಲಿ ಇಟ್ಟುಕೊಳ್ಳಬೇಕು. ಈ ಬೇಲಿಯನ್ನು ಮುರಿದವನು ಫ್ರಾನ್ಸಿನ ಲೂಯಿ ಬ್ರೈಲ್. ಅವನೂ ಅಂಧ, ಅವನೂ ಆರ್ಗನ್ ವಾದಕ. ೧೮೨೯ರಲ್ಲಿ ಪ್ರಕಟವಾದ ಅವನ ಮೊದಲ ಪುಸ್ತಿಕೆಯು ಚುಕ್ಕೆಗಳ ಮೂಲಕ ಮಾತುಗಳನ್ನು ಮಾತ್ರವಲ್ಲದೆ ಸಂಗೀತವನ್ನೂ ಬರೆಯುವ ಕ್ರಮವನ್ನು ತಿಳಿಸಿತು.

ಈ ಓದಿನ ಸುಖವನ್ನು ತಮ್ಮದಾಗಿ ಮಾಡಿಕೊಂಡವರು ಪಂಚಾಕ್ಷರಿ ಗವಾಯಿಗಳ ಪಟ್ಟಶಿಷ್ಯ ಪುಟ್ಟರಾಜ ಗವಾಯಿಗಳು. ೧೯೧೪ರಲ್ಲಿ ಹಾನಗಲ್ಲು ಸೀಮೆಯ ದೇವಗಿರಿಯಲ್ಲಿ ಜನನ. ಎಳವೆಯಲ್ಲಿಯೇ ತಂದೆತಾಯಿಗಳೂ ಹೋದರು, ಕಣ್ಣೂ ಹೋಯಿತು. ಸಾಕಿದ ಸೋದರಮಾವನ ಮನೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ಮಗುವು ಅದರ ಮೇಲೆ ಬೆರಳಾಡಿಸುವುದನ್ನು ಕಂಡು ಮಾವನು ಅವನನ್ನು ಪಂಚಾಕ್ಷರಿ ಗವಾಯಿಗಳಲ್ಲಿ ತಂದು ಬಿಟ್ಟನು. ಮುಂದೆ ಅವರು ಹಾಡುಗಾರಿಕೆಯೊಡನೆ ಪೇಟಿ, ಪಿಟೀಲು, ತಬಲ, ಸಾರಂಗಿಗಳನ್ನು ವಶಮಾಡಿಕೊಂಡರು. ಬ್ರೈಲ್ ಲಿಪಿಯನ್ನು ಕಲಿತರು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿಯೂ ಗ್ರಂಥಗಳನ್ನು ರಚಿಸಿದರು. ಹಿಂದಿಯ ಬಸವಪುರಾಣವು ಅವರ ಕೃತಿಗಳಲ್ಲಿ ಪ್ರಸಿದ್ಧವಾದುದು. ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕಗಳನ್ನು ಬರೆದರು. ಆಶ್ರಮದ ನಾಟಕ ಮಂಡಳಿಯು ಡೇರೆ ಹೊತ್ತು ಊರೂರು ತಿರುಗಿ ಹಣ ಕೂಡಿಸಿತು. ಭಕ್ತರು ನಾಣ್ಯಗಳಿಂದ ತುಲಾಭಾರ ಮಾಡಿದರೆ ಅದೂ ಆಶ್ರಮಕ್ಕೇ ಸಲ್ಲುತ್ತಿತ್ತು.

ಅಷ್ಟು ಹೊತ್ತಿಗೆ ನಡೆಯುವ ಪಾಠಶಾಲೆಗೆ ಒಂದು ನೆಲೆ ದೊರೆತಿತ್ತು. ಪಂಚಾಕ್ಷರಿ ಗವಾಯಿಗಳ ಜೀವಿತದ ಕಡೆಯ ವರ್ಷಗಳಲ್ಲಿ ಗದಗಿನ ಬಸರಿಗಿಡದ ವೀರಪ್ಪನವರು ಆಶ್ರಯವಿತ್ತರು. ಅವರ ಹೆಸರಿನಿಂದಲೇ ಅದು ವೀರೇಶ್ವರ ಪುಣ್ಯಾಶ್ರಮವೆನಿಸಿತು. ೧೯೪೪ರಲ್ಲಿ ಹಿರಿಯ ಗವಾಯಿಗಳು ಲಿಂಗೈಕ್ಯರಾದಾಗ ಭಾರವೆಲ್ಲವೂ ಮೂವತ್ತರ ಪ್ರಾಯದ ಪುಟ್ಟರಾಜರ ಹೆಗಲಿಗೆ ಬಿದ್ದಿತು. ೨೦೧೦ರ ಸೆಪ್ಟೆಂಬರಿನಲ್ಲಿ ತಾವು ದೇಹ ಬಿಡುವ ತನಕ ಅವರು ಅದನ್ನು ಇಳಿಸಲಿಲ್ಲ. ಎಂ. ವೆಂಕಟೇಶಕುಮಾರರಂಥ ಗಾಯಕರು ಹನ್ನೆರಡು ವರ್ಷಗಳಷ್ಟು ಕಾಲ ಈ ಮನೆಯ ಅನ್ನವನ್ನು ಉಂಡು ವಿದ್ಯೆ ಪಡೆದವರು.

ರೇಡಿಯೋ ಭಾಷಣದಲ್ಲಿ ರೇಡಿಯೋದ ಮಾತನ್ನು ಬಿಡುವುದು ನ್ಯಾಯವಲ್ಲ. ಆಲ್ ಇಂಡಿಯಾ ರೇಡಿಯೋದವರು ೧೯೪೦ರ ಮಾರ್ಚ್ ತಿಂಗಳಿನಿಂದ ತಮ್ಮ ನಿಲಯಗಳಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿದರು. ಅದರ ಸ್ವರಗಳು ಕಟ್ಟಿಟ್ಟವು, ಶ್ರುತಿಗಳ ಸೂಕ್ಷ್ಮವಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು ಎಂಬುದು ಆಕ್ಷೇಪಣೆ. ರವೀಂದ್ರರೂ ಇದನ್ನು ಸಮರ್ಥಿಸಿದರು. ನಿಷೇಧವು ಸಡಿಲವಾದದ್ದು ೧೯೭೧ರಲ್ಲಿ. ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು; ಪೇಟಿಯಿಂದ ಮೀಂಡ್ ಹೊರಡದೆಂಬುದು ಸಂಗೀತ ಬಲ್ಲ ಯಾರೂ ಒಪ್ಪುವ ಮಾತು. ಆದರೆ ವಾದ್ಯವೊಂದರ ಬೆಲೆಯನ್ನು ಕಟ್ಟುವಾಗ ಅದರ ಶ್ರುತಿಯನ್ನು ಮಾತ್ರ ಅಳೆದರೆ ಸಾಲದು. ಅದು ಯಾರ ಕೈಗೆ ಅನ್ನವನ್ನು ಕೊಟ್ಟಿತು, ಯಾವ ಮನೆಯ ಮಗುವಿನಲ್ಲಿ ಮೊದಲ ಸ್ವರವನ್ನು ಎಬ್ಬಿಸಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ದೇವಗಿರಿಯ ಆ ಮನೆಯಲ್ಲಿ ಪೇಟಿ ಇಲ್ಲದಿದ್ದರೆ ಮಾವನಿಗೆ ಮಗುವಿನ ಒಲವು ತಿಳಿಯುವ ಬಗೆಯಾದರೂ ಯಾವುದು?

ಗದಗಿನ ಕಡೆಗೆ ಪ್ರಯಾಣ ಮಾಡುವ ಶ್ರೋತೃಗಳು ವೀರನಾರಾಯಣನ ದರ್ಶನದೊಡನೆ ಪುಣ್ಯಾಶ್ರಮಕ್ಕೂ ಹೋಗಿಬರಬೇಕೆಂದು ನಮ್ಮ ಕೋರಿಕೆ. ಶಿಲ್ಪವನ್ನು ನೋಡಿದ ಕಣ್ಣುಗಳನ್ನು ಅಲ್ಲಿ ಕ್ಷಣಕಾಲ ಮುಚ್ಚಿ, ಮಕ್ಕಳ ಪಾಠವನ್ನು ಕಿವಿಗೊಟ್ಟು ಕೇಳಬೇಕು. ಶಾಸನಗಳಲ್ಲಿ ಸಿಕ್ಕದ ಕನ್ನಡನಾಡಿನ ಚರಿತ್ರೆಯ ಒಂದು ಭಾಗವು ಆಗ ಅವರಿಗೆ ತಿಳಿದುಬರುವುದು.