ಶಾಲೆಯ ವೃಂದಗಾನ ತರಗತಿ: ಮಕ್ಕಳಿಂದ ಏನು ಬಯಸಬಹುದು, ಏನು ಕೇಳಬಾರದು

ಆದೋನಿ: ಆಗಸ್ಟ್ 15 ಮತ್ತು ಜನವರಿ 26 ಸಮೀಪಿಸಿದರೆ ಸಾಕು, ಗಡಿಭಾಗದ ಪ್ರತಿ ಶಾಲೆಯಲ್ಲೂ ಒಂದು ಹಾಡಿನ ತಂಡ ಹುಟ್ಟಿಕೊಳ್ಳುತ್ತದೆ. ಹಬ್ಬದ ಮರುದಿನ ಅದು ಹೇಳಹೆಸರಿಲ್ಲದಂತೆ ಮಾಯವಾಗುತ್ತದೆ. ವರ್ಷವಿಡೀ ವಾರಕ್ಕೊಂದು ಪೀರಿಯಡ್ ಹಾಡಿಗೆಂದೇ ಎತ್ತಿಡುವ ಶಾಲೆಗಳು ಕಡಿಮೆ. ಎತ್ತಿಟ್ಟ ಕಡೆಯೂ ಪರೀಕ್ಷೆ ಹತ್ತಿರ ಬಂದಾಗ ಆ ಪೀರಿಯಡ್ಡನ್ನು ಗಣಿತದವರು ಕೇಳಿ ಪಡೆಯುತ್ತಾರೆ. ಆದರೂ ಆದೋನಿ, ಆಲೂರು, ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರವಿ ಕಡೆಯ ಮಕ್ಕಳ ಪಾಲಿಗೆ ಈ ತರಗತಿ ಸಣ್ಣದಲ್ಲ. ಕನ್ನಡ ಮಾಧ್ಯಮದ ಹುಡುಗನೂ ತೆಲುಗು ಮಾಧ್ಯಮದ ಹುಡುಗಿಯೂ ಒಂದೇ ಸಾಲಿನಲ್ಲಿ ನಿಂತು ಒಂದೇ ಕೆಲಸ ಮಾಡುವ ಜಾಗ ಶಾಲೆಯಲ್ಲಿ ಎರಡೇ: ಒಂದು ಆಟದ ಬಯಲು, ಇನ್ನೊಂದು ಇದು.

ಸೇರಿ ಹಾಡುವುದು ಎಂದರೇನು?

ಕನ್ನಡದಲ್ಲಿ ವೃಂದಗಾನ, ಸಮೂಹಗಾನ, ತೆಲುಗಿನಲ್ಲಿ ಬೃಂದಗಾನಂ, ಊರ ಬಾಯಲ್ಲಿ ಕೋರಸ್. ಹೆಸರು ಯಾವುದಾದರೂ ಇರಲಿ, ನಲವತ್ತು ಜನ ಒಟ್ಟಿಗೆ ಬಾಯಿ ತೆರೆದ ಮಾತ್ರಕ್ಕೆ ಅದು ವೃಂದಗಾನವಾಗುವುದಿಲ್ಲ. ಹಾಗಿದ್ದರೆ ಆದೋನಿಯ ಹತ್ತಿ ಮಾರುಕಟ್ಟೆಯ ಹರಾಜನ್ನೂ ಆ ಪಟ್ಟಿಗೆ ಸೇರಿಸಬೇಕಾಗುತ್ತಿತ್ತು!

ಈ ವಿಷಯದಲ್ಲಿ ನಮ್ಮವರು ಬಹಳ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾರೆ. ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ 13ನೇ ಶತಮಾನದಲ್ಲಿ ಬರೆದ ಸಂಗೀತರತ್ನಾಕರದಲ್ಲಿ ಹಾಡುವ ತಂಡಗಳನ್ನು ಉತ್ತಮ, ಮಧ್ಯಮ, ಕನಿಷ್ಠ ಎಂದು ವಿಂಗಡಿಸಿ, ತಂಡಕ್ಕೆ ಇರಬೇಕಾದ ಆರು ಗುಣಗಳನ್ನು ಹೇಳಿದ್ದಾನೆ. ಮುಖ್ಯ ಗಾಯಕನನ್ನು ಅನುಸರಿಸುವುದು, ದನಿಗಳು ಬೆರೆಯುವುದು, ತಾಳ ಲಯ ಬಿಡದಿರುವುದು, ಒಬ್ಬರದು ಎಲ್ಲಿ ಕಡಿದುಹೋಗುತ್ತದೋ ಅಲ್ಲಿ ಇನ್ನೊಬ್ಬರು ತುಂಬಿ ನಡೆಸುವುದು, ಮೂರೂ ಸ್ಥಾಯಿಗಳಲ್ಲಿ ಹಾಡಬಲ್ಲ ಶಕ್ತಿ, ಮತ್ತು ದನಿಗಳ ಹೋಲಿಕೆ. ಇಂದು ಅಮೆರಿಕದ ಹೈಸ್ಕೂಲಿನಲ್ಲಿ ಕೋರಸ್ ಒಂದು ವಿಷಯವಾಗಿ ಮಾರ್ಕ್ಸು ಪಡೆಯುತ್ತದೆ. ವರ್ಷದ ಆರಂಭದಲ್ಲಿ ಮಕ್ಕಳಿಗೆ ನಿಯಮಗಳ ಹಾಳೆ ಕೊಟ್ಟು ಪಾಲಕರ ಸಹಿ ತರಿಸುತ್ತಾರೆ. ಸಮಯಕ್ಕೆ ಬರಬೇಕು, ಹಾಡಿನ ಫೈಲ್ ತರಬೇಕು, ಕಾರ್ಯಕ್ರಮ ತಪ್ಪಿಸಬಾರದು ಇತ್ಯಾದಿ. ಸಂಗೀತದ ಮಟ್ಟಿಗೆ ಹೇಳುವುದಾದರೆ ಶಾರ್ಙ್ಗದೇವನ ಆರು ಮಾತುಗಳಿಗೆ ಆ ಹಾಳೆ ಹೆಚ್ಚೇನೂ ಸೇರಿಸಿದಂತಿಲ್ಲ.

ಆರರಲ್ಲಿ ಮಕ್ಕಳಿಗೆ ಹೇಳಲೇಬೇಕಾದದ್ದು ನಾಲ್ಕನೆಯದು. ಉದ್ದದ ಸಾಲಿನಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಉಸಿರು ತೆಗೆದುಕೊಂಡರೆ ಹಾಡು ಕತ್ತರಿಸಿದಂತೆ ನಿಲ್ಲುತ್ತದೆ. ಪಕ್ಕದವಳು ಉಸಿರೆಳೆಯುವಾಗ ನಾನು ಹಾಡುತ್ತಿರಬೇಕು, ನಾನು ಎಳೆಯುವಾಗ ಅವಳು. ಇದನ್ನು ಕಲಿಸಲು ಶಾಸ್ತ್ರ ಬೇಕಿಲ್ಲ. ನಮ್ಮ ಕಡೆಯ ಭಜನೆಯವರನ್ನು ಗಮನಿಸಿದರೆ ಸಾಕು. ವಿಜಯದಾಸರು ಕೊನೆಯ ವರ್ಷಗಳನ್ನು ಕಳೆದು 1755ರಲ್ಲಿ ಕಾಲವಾದ ಚಿಪ್ಪಗಿರಿ ಈ ಸೀಮೆಯದೇ ಊರು. ಮಂತ್ರಾಲಯದ ದಾರಿಯ ಹಳ್ಳಿಗಳಲ್ಲಿ ಇಂದಿಗೂ ತಾಳ ಹಿಡಿದು ರಾತ್ರಿಯಿಡೀ ಹಾಡುವವರಿದ್ದಾರೆ. ಒಬ್ಬ ಮುಂದೆ ಹೇಳುತ್ತಾನೆ, ಹಿಮ್ಮೇಳ ಎತ್ತಿಕೊಳ್ಳುತ್ತದೆ. ಮುಂದಿನವನ ಗಂಟಲು ಕಟ್ಟಿದರೆ ಹಿಮ್ಮೇಳದವನೊಬ್ಬ ಯಾರೂ ಹೇಳದೆಯೇ ಮುಂದಕ್ಕೆ ಬರುತ್ತಾನೆ. ಮೊಹರಂ ಪದ, ಕೋಲಾಟದ ಪದಗಳದೂ ಇದೇ ಪದ್ಧತಿ. ಮನೆಯಲ್ಲಿ ಇದನ್ನು ಕೇಳಿ ಬೆಳೆದ ಮಗುವಿಗೆ ಅರ್ಧ ಪಾಠ ಆಗಿಯೇ ಇರುತ್ತದೆ.

ಪಾಠ ಹೇಳುವವರು ಯಾರು?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣ, ದೈಹಿಕ ಶಿಕ್ಷಣ ಮತ್ತು ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ನೂರಕ್ಕಿಂತ ಹೆಚ್ಚು ಎಂಬ ಈ ಮಾತೇ ಗಡಿಭಾಗದ ಚಿಕ್ಕ ಶಾಲೆಗಳಿಗೆ ಅಡ್ಡ. ಅಲ್ಲಿ ಹಾಡು ಕಲಿಸುವುದು ಸಾಮಾನ್ಯವಾಗಿ ಭಾಷೆಯ ಮೇಷ್ಟ್ರು, ಇಲ್ಲವೇ ಸ್ವಲ್ಪ ಕಂಠವಿರುವ ಟೀಚರಮ್ಮ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾ ಶಿಕ್ಷಣ ಕಡ್ಡಾಯವಾಗಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆಯೇ ಬೇಡ ಎಂದಿತು. ಕಾಗದದಲ್ಲಿ ಹಾಡಿಗೆ ಕೊರತೆಯಿಲ್ಲ.

ಹಾಡಿನ ಮೇಷ್ಟ್ರಿಲ್ಲದ ಶಾಲೆಯಲ್ಲೂ ಒಳ್ಳೆಯ ತಂಡ ಸಾಧ್ಯ ಎಂಬುದಕ್ಕೆ ರಾಯಲಸೀಮೆಯ ಚಿತ್ತೂರಿನಲ್ಲಿ 1925ರಲ್ಲಿ ಹುಟ್ಟಿದ ಎಂ.ಬಿ. ಶ್ರೀನಿವಾಸನ್ ಅವರನ್ನು ನೆನೆಯಬಹುದು. ಚಲನಚಿತ್ರ ಸಂಗೀತ ನಿರ್ದೇಶಕರಾಗಿದ್ದ ಅವರು ಮದ್ರಾಸ್ ಯೂತ್ ಕಾಯರ್ ಕಟ್ಟಿ, ಸಾಮಾನ್ಯ ಶಾಲಾ ಮಕ್ಕಳೂ ಕೂಡಿ ಹಾಡಬಲ್ಲರು ಎಂದು ತೋರಿಸಿಕೊಟ್ಟರು. 1988ರಲ್ಲಿ ತೀರಿಕೊಂಡರು.

ತರಗತಿಯಲ್ಲಿ ಬಯಸಬಹುದಾದದ್ದು

ಮೊದಲು ಕಿವಿ, ಆಮೇಲೆ ಬಾಯಿ. ಹೊಸ ಸಾಲನ್ನು ಮಗು ಎರಡು ಸಲ ಸುಮ್ಮನೆ ಕೇಳಿ ಮೂರನೆಯ ಸಲ ಹಾಡಬೇಕು. ಪಕ್ಕದವರ ದನಿ ತನಗೆ ಕೇಳಿಸದಷ್ಟು ಜೋರಾಗಿ ಹಾಡಿದರೆ ತಾನು ಕಿರುಚುತ್ತಿದ್ದೇನೆ ಎಂದರ್ಥ. ನಮ್ಮ ಶಾಲೆಗಳಲ್ಲಿ ಜೋರಾಗಿ ಹಾಡುವವನನ್ನೇ ಚೆನ್ನಾಗಿ ಹಾಡುವವನೆಂದು ಮುಂದೆ ನಿಲ್ಲಿಸುವ ರೂಢಿ ಬಿದ್ದಿದೆ. ಮೈಕು ಬಂದ ಮೇಲೂ ಆ ರೂಢಿ ಹೋಗಿಲ್ಲ.

ನಿಲುವು ನೆಟ್ಟಗಿರಬೇಕು, ಆದರೆ ಎನ್‌ಸಿಸಿ ಪರೇಡಿನಂತೆ ಬಿಗಿಯಲ್ಲ. ಭುಜ ಏರಿಸದೆ ಹೊಟ್ಟೆಯಿಂದ ಉಸಿರು. ಸಾಹಿತ್ಯ ಬಾಯಿಪಾಠವಾಗಿರಬೇಕು, ಹಾಳೆ ನೋಡುವವನ ಗಲ್ಲ ಕೆಳಗೆ ಬಾಗಿ ದನಿ ನೆಲಕ್ಕೆ ಬೀಳುತ್ತದೆ. ಮೇಷ್ಟ್ರ ಕೈ ನಿಂತಾಗ ಎಲ್ಲರ ದನಿಯೂ ನಿಲ್ಲಬೇಕು. ಒಟ್ಟಿಗೆ ಶುರು ಮಾಡುವುದು ಸುಲಭ, ಒಟ್ಟಿಗೆ ಮುಗಿಸುವುದೇ ಕಷ್ಟ.

ಕಾಲದ ಹಿಡಿತಕ್ಕೆ ಒಂದು ಒಳ್ಳೆಯ ಅಳತೆಗೋಲಿದೆ. ರಾಷ್ಟ್ರಗೀತೆಯ ಪೂರ್ಣ ಪಾಠ ಸುಮಾರು 52 ಸೆಕೆಂಡು. ಮೊಬೈಲಿನಲ್ಲಿ ಅಳೆದು ನೋಡಿ: ಪ್ರಾರ್ಥನೆಯ ಸಾಲಿನಲ್ಲಿ ಅದು ಒಂದು ನಿಮಿಷ ದಾಟಿದರೆ ಮಕ್ಕಳು ಎಳೆಯುತ್ತಿದ್ದಾರೆ, 45ಕ್ಕೆ ಮುಗಿದರೆ ಹಸಿದಿದ್ದಾರೆ. ಅಂದಹಾಗೆ, ಈ ಗೀತೆಗೂ ರಾಯಲಸೀಮೆಗೂ ನಂಟಿದೆ. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಟಾಗೋರರು ಮದನಪಲ್ಲಿಯ ಕಾಲೇಜಿಗೆ ಬಂದು ತಂಗಿದ್ದಾಗ ಅಲ್ಲಿನ ವಿದ್ಯಾರ್ಥಿಗಳ ಮುಂದೆ ಇದನ್ನು ಹಾಡಿದರು, ಇಂಗ್ಲಿಷಿಗೂ ತಂದರು. ಸಂಗೀತ ಕಲಿತಿದ್ದ ಮಾರ್ಗರೆಟ್ ಕಸಿನ್ಸ್ ಅಲ್ಲಿಯೇ ಸ್ವರಲಿಪಿ ಬರೆದುಕೊಂಡರು. ಕೇಂದ್ರ ಗೃಹ ಇಲಾಖೆಯ ಆದೇಶದಲ್ಲಿ, ಶಾಲೆಯ ದಿನ ಸಾಮೂಹಿಕ ಗಾಯನದಿಂದ ಆರಂಭವಾಗಬಹುದು ಎಂಬ ಮಾತೂ, ದೊಡ್ಡ ಸಭೆಗಳಲ್ಲಿ ತರಬೇತಾದ ಗಾಯಕರ ತಂಡವೊಂದು ಎಲ್ಲರನ್ನೂ ಒಟ್ಟಿಗೆ ಹಾಡಿಸಬೇಕು ಎಂಬ ಸೂಚನೆಯೂ ಇದೆ. ಶಾಲೆಯ ಆ ತಂಡದ ಕೆಲಸವೂ ಅದೇ, ತಾನು ಹಾಡುವುದಕ್ಕಿಂತ ಉಳಿದವರನ್ನು ಹಾಡಿಸುವುದು.

ಎರಡು ನಾಲಿಗೆಯ ಲಾಭ, ತೊಡಕು

ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ಆಂಧ್ರ ರಾಜ್ಯ ಹುಟ್ಟಿದ ದಿನ ಇತ್ತ ಬಂದವು. ಕರ್ನಾಟಕ, ಆಂಧ್ರಪ್ರದೇಶ ಎರಡೂ ರೂಪುಗೊಂಡದ್ದು 1956ರ ನವೆಂಬರ್ 1ರಂದೇ. ಹೀಗಾಗಿ ಒಂದೇ ದಿನಕ್ಕೆ ನಮ್ಮ ಮಕ್ಕಳಿಗೆ ಎರಡು ನಾಡಗೀತೆ. ಶಂಕರಂಬಾಡಿ ಸುಂದರಾಚಾರಿ ಅವರದು ತೆಲುಗಿನಲ್ಲಿ, ಕುವೆಂಪು ಅವರದು ಕನ್ನಡದಲ್ಲಿ. ಕುವೆಂಪು ಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿ, ಎರಡೂವರೆ ನಿಮಿಷದ ಅವಧಿ ಎಂದು ಕರ್ನಾಟಕ ಸರ್ಕಾರ 2022ರಲ್ಲಿ ಗೊತ್ತುಪಡಿಸಿದೆ. ಅದೇ ವರ್ಷ ಅಕ್ಟೋಬರ್ 28ರಂದು ಕೋಟಿ ಕಂಠ ಗಾಯನ ನಡೆದು, ಆರು ಕನ್ನಡ ಹಾಡುಗಳನ್ನು ಏಕಕಾಲಕ್ಕೆ ಹಾಡಲಾಯಿತು. ಶಾಲೆಯಲ್ಲಿ ಪ್ರತಿದಿನ ಒಟ್ಟಾಗಿ ಹೇಳುವ ಪ್ರತಿಜ್ಞೆಯ ಮೂಲ ತೆಲುಗು. ಪೈಡಿಮರ್ರಿ ವೆಂಕಟ ಸುಬ್ಬಾರಾವು ಅವರು 1962ರಲ್ಲಿ ಬರೆದದ್ದು.

ಎರಡೂ ಭಾಷೆ ಬಲ್ಲ ಮಗು ಹಾಡಿನಲ್ಲಿ ಮುಂದೆ. ಆದರೆ ಒಬ್ಬನ ಬಾಯಲ್ಲಿ ಮರೆಯಾಗುವ ಉಚ್ಚಾರ ನಲವತ್ತು ಬಾಯಲ್ಲಿ ದೊಡ್ಡದಾಗಿ ಕೇಳುತ್ತದೆ. ತೆಲುಗಿನವರು ಅ, ಆ, ಉ, ಒ ಮುಂತಾದ ಸ್ವರಗಳ ಮುಂದೆ ಅಚ್ಚ ತೆಲುಗು ಪದಗಳ ಚ, ಜ ಗಳನ್ನು ಹಲ್ಲಿಗೆ ತಾಗಿಸಿ ನುಡಿಯುತ್ತಾರೆ. ಕನ್ನಡದ ಮಕ್ಕಳು ಅವನ್ನು ಕನ್ನಡದ ಚ, ಜ ಮಾಡಿ ಹಾಡಿದರೆ ತೆಲುಗು ಕಿವಿಗೆ ಹೊರಗಿನವರು ಹಾಡಿದಂತೆ. ಅದೇ ಹಲ್ಲಿನ ಚಕಾರವನ್ನು ಕನ್ನಡ ಹಾಡಿಗೆ ಎಳೆದು ತಂದರೆ ನಮಗೆ ನಗು. ಮಹಾಪ್ರಾಣದ ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಅಣ್ಣ ತಮ್ಮಂದಿರು: ಭಾರತ ಬಾರತವಾಗುತ್ತದೆ. ಲಿಪಿಗಳು ಹತ್ತಿರದವಾದ್ದರಿಂದ ಬೋರ್ಡಿನ ಮೇಲೆ ಹಾಡನ್ನು ಯಾವ ಲಿಪಿಯಲ್ಲಿ ಬರೆದರೂ ನಡೆಯುತ್ತದೆ, ಆದರೆ ಅರ್ಥವನ್ನು ಮಾತ್ರ ಎರಡೂ ಭಾಷೆಯಲ್ಲಿ ಹೇಳಬೇಕು. ಅರ್ಥ ತಿಳಿಯದ ಮಗು ಪದವನ್ನು ತಪ್ಪು ಜಾಗದಲ್ಲಿ ಮುರಿಯುತ್ತದೆ.

ದನಿ ಒಡೆಯುವ ವಯಸ್ಸು

ಹುಡುಗರಿಗೆ ಸಾಮಾನ್ಯವಾಗಿ 12ರಿಂದ 15ರ ನಡುವೆ ದನಿ ಬದಲಾಗುತ್ತದೆ. ಆಗ ಮೇಲಿನ ಸ್ವರ ಒಡೆಯುತ್ತದೆ, ಕೆಳಗಿನದು ಇನ್ನೂ ನೆಲೆ ನಿಂತಿರುವುದಿಲ್ಲ. ಎಂಟನೆಯ ತರಗತಿಯ ಹುಡುಗನಿಗೆ "ನೀ ಸುಮ್ನ ಬಾಯಿ ಆಡ್ಸಪ್ಪಾ" ಎಂದು ಹೇಳುವುದು ಎಲ್ಲ ಕಡೆ ಕೇಳುವ ಮಾತು. ಅದು ತಪ್ಪು. ಅವನು ತನಗೆ ಹಿತವಾಗುವ ನಾಲ್ಕೈದು ಸ್ವರಗಳಲ್ಲಿ ಮೆಲ್ಲಗೆ ಹಾಡಲಿ, ಪಲ್ಲವಿ ಮಾತ್ರ ಎತ್ತಿಕೊಳ್ಳಲಿ, ತಾಳ ಹಿಡಿಯಲಿ. ಒಂದು ವರ್ಷ ಬಾಯಿ ಮುಚ್ಚಿದವನು ಮುಂದೆ ಭಜನೆಗೂ ಬರುವುದಿಲ್ಲ.

ಶ್ರುತಿಯ ತಪ್ಪು ಹೆಚ್ಚಾಗಿ ಮಕ್ಕಳದಲ್ಲ, ದೊಡ್ಡವರದು. ಗಂಡಸರು ಪೇಟಿಯ ಬಿಳಿ ಒಂದರಲ್ಲಿ ತಮ್ಮ ಗಂಟಲಿಗೆ ಹೊಂದಿಸಿ ಹಾಡಿಕೊಟ್ಟರೆ ಮಕ್ಕಳಿಗೆ ಕೆಳಗಿನ ಸ್ವರಗಳು ಸಿಗದೆ ಗೊಣಗುತ್ತಾರೆ. ಎರಡು ಮೂರು ಮನೆ ಏರಿಸಿ ನೋಡಿದರೆ ಅದೇ ಮಕ್ಕಳ ದನಿ ತೆರೆದುಕೊಳ್ಳುತ್ತದೆ. ಪೇಟಿ ಇಲ್ಲದಿದ್ದರೆ ಮೊಬೈಲಿನ ತಂಬೂರಿ ಆ್ಯಪ್ ಸಾಕು.

ಕೇಳಬಾರದ್ದು

ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ದಾಸರ ಪದವನ್ನೋ ಸೂಫಿ ಪದವನ್ನೋ ಸಾಹಿತ್ಯವಾಗಿ ಕಲಿಸಬಹುದು, ಆದರೆ ಮನಸ್ಸಿಲ್ಲದ ಮಗುವಿಗೆ ಒತ್ತಾಯ ಬೇಡ. ಕೇರಳದಲ್ಲಿ 1985ರಲ್ಲಿ ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದುನಿಂತರೂ ತಮ್ಮ ಧರ್ಮದ ಕಾರಣ ಹಾಡದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಗಿತ್ತು. 1986ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ರದ್ದುಪಡಿಸಿತು.

ಕಾರ್ಯಕ್ರಮಕ್ಕೆಂದು ಹೊಸ ಸೀರೆ, ಜುಬ್ಬಾ ತರಿಸುವುದೂ ಬೇಡ. ಕೂಲಿಯ ಮನೆಯಲ್ಲಿ ಆ ಖರ್ಚಿಗೆ ಹೆದರಿ ಮಗುವನ್ನು ತಂಡದಿಂದ ಬಿಡಿಸುತ್ತಾರೆ, ಕಾರಣ ಮಾತ್ರ ಜ್ವರ ಎನ್ನುತ್ತಾರೆ. ಯೂನಿಫಾರ್ಮ್ ಸಾಕು.

ಇನ್ನು ಹಾಜರಿ. ಎಲ್ಲ ತರಗತಿಗಳ ಮೊದಲ ನಿಯಮ ಇದೇ, ನಮ್ಮ ಸೀಮೆಯಲ್ಲಿ ಮುರಿಯುವುದೂ ಇದೇ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಮಂತ್ರಾಲಯ, ಪೆದ್ದಕಡುಬೂರು ಕಡೆಯಿಂದ ಮನೆಮಂದಿಯೆಲ್ಲ ಸುಗ್ಗಿಗೆಂದು ಗುಂಟೂರು ಕಡೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ, ಇಲ್ಲವೇ ಬೆಂಗಳೂರು, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ. ಮಕ್ಕಳೂ ಜೊತೆಗೆ. ಸಂಕ್ರಾಂತಿಯ ಹೊತ್ತಿಗೆ ಮೂರು ಸಾಲಿನ ತಂಡ ಎರಡು ಸಾಲಾಗಿರುತ್ತದೆ. ಗೈರಾದ ಮಗುವಿನ ಹೆಸರನ್ನು ತಂಡದಿಂದ ಹೊಡೆದುಹಾಕಿದರೆ ಅದು ಯುಗಾದಿಗೆ ಮರಳಿದಾಗ ಗಣಿತದಲ್ಲೂ ಹಿಂದೆ, ಹಾಡಿನಲ್ಲೂ ಹೊರಗೆ. ಗಣಿತ ತುಂಬಿಕೊಡಲು ತಿಂಗಳು ಬೇಕು. ಹಾಡು ನಾಲ್ಕು ದಿನದ ಕೆಲಸ: ಬಾಯಿಪಾಠ ಬಂದ ಇಬ್ಬರ ನಡುವೆ ನಿಲ್ಲಿಸಿದರೆ ಅವರೇ ಕಲಿಸುತ್ತಾರೆ. ಹೋಗುವ ಮೊದಲು ಹಾಡನ್ನು ಅಪ್ಪನ ಮೊಬೈಲಿಗೆ ರೆಕಾರ್ಡು ಮಾಡಿ ಕಳುಹಿಸಿದರೆ ಇನ್ನೂ ಒಳ್ಳೆಯದು. ಮೆಣಸಿನ ಹೊಲದ ಗುಡಿಸಲಲ್ಲೂ ರಾತ್ರಿ ಕೇಳಿಕೊಳ್ಳಬಹುದು. ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕದಲ್ಲಿ ಏನು ಬರೆಯುತ್ತಾರೋ ಬರೆಯಲಿ, ಹಾಡಿನ ಸಾಲಿನಲ್ಲಿ ಆ ಮಗುವಿನ ಜಾಗವನ್ನು ಖಾಲಿ ಇಡುವುದು ಮೇಷ್ಟ್ರ ಕೈಯಲ್ಲಿದೆ.